ಕೊಟ್ಟಿಗೆಯ ಗುರುತು ಹೊತ್ತ ವೈರಸ್

ಪೀಣ್ಯದ ಕಾರ್ಖಾನೆಗಳನ್ನು ಬಿಟ್ಟು ಯಶವಂತಪುರವನ್ನು ದಾಟಿ ಬರುವವನಿಗೆ, ಲೇತ್ ಯಂತ್ರಗಳ ಕರಕರ ಸದ್ದು ಕಿವಿಯಿಂದ ಪೂರ್ತಿ ಇಳಿಯುವ ಮುನ್ನವೇ, ಭಾರತೀಯ ವಿಜ್ಞಾನ ಸಂಸ್ಥೆಯ ಮರಗಳ ನೆರಳು ಎದುರಾಗುತ್ತದೆ. ಬೆಂಗಳೂರಿನ ನವಜಾತ ಶಿಶುಗಳ ಮಲದಲ್ಲಿ ದೊರೆತ, ಮಕ್ಕಳಿಗೆ ಭೇದಿ ತರುವ ಜಾತಿಯ ಒಂದು ರೋಟಾವೈರಸ್ಸನ್ನು ಸಿ. ದುರ್ಗಾ ರಾವ್ ಮತ್ತು ಅವರ ಸಹೋದ್ಯೋಗಿಗಳು ಕೂಲಂಕಷವಾಗಿ ಪರೀಕ್ಷಿಸಿದುದು ಇಲ್ಲಿಯೇ. ಆದರೆ ಆ ವೈರಸ್ಸನ್ನು ಹೊತ್ತ ಕೂಸುಗಳಿಗೆ ಭೇದಿಯಿರಲಿಲ್ಲ, ವಾಂತಿಯಿರಲಿಲ್ಲ. ತಾಯಿಯ ಮಗ್ಗುಲಲ್ಲಿ ಸುಖವಾಗಿ ನಿದ್ರಿಸುತ್ತಿದ್ದುವು. ಐ321 ಎಂಬ ಹೆಸರು ಪಡೆದ ಆ ವೈರಸ್ಸಿನ ಮೇಲ್ಮೈಯ ಎರಡು ಪ್ರೋಟೀನುಗಳೂ ದನಗಳ ರೋಟಾವೈರಸ್ಸಿನವುಗಳನ್ನೇ ಬಹುಮಟ್ಟಿಗೆ ಹೋಲುತ್ತವೆಂದು 1993ರಲ್ಲಿ ಪ್ರಕಟವಾದ ಅವರ ಪ್ರಬಂಧವು ತೋರಿಸಿತು. ಜೆನ್ನರನು 1796ರಲ್ಲಿ ಸಿಡುಬಿಗೆ ತಡೆಮದ್ದನ್ನು ಹಸುವಿನ ಸಿಡುಬಿನಿಂದಲೇ ಪಡೆದನೆಂಬುದನ್ನೂ, ನಮ್ಮ ಅಜ್ಜಿಯರು ದಾಕು ಹಾಕಿಸಿಕೊಂಡ ತೋಳಿನ ಕಲೆಯನ್ನು ಸೆರಗು ಸರಿಸಿ ತೋರಿಸುತ್ತಿದ್ದುದನ್ನೂ ನೆನೆದಾಗ, ಕೊಟ್ಟಿಗೆಗೂ ತೊಟ್ಟಿಲಿಗೂ ನಡುವಣ ಈ ಹಳೆಯ ನಂಟು ನನಗೆ ಸೋಜಿಗವನ್ನೇ ಉಂಟುಮಾಡುತ್ತದೆ.

ಕೇಡು ಮಾಡದೆ ಕರುಳಲ್ಲಿ ನೆಲಸಿದ ವೈರಸ್ಸು ಮುಂದೆ ಬರುವ ಉಗ್ರ ಭೇದಿಯನ್ನು ತಡೆದೀತೆಂಬ ಆಶೆ ಸಹಜವಾದುದೇ. ಆದರೆ ಆ ಆಶೆ ಕುಡಿಯೊಡೆಯುತ್ತಿದ್ದ ಕಾಲದಲ್ಲಿಯೇ ಲಸಿಕೆಗೂ ಕರುಳಿಗೂ ಸಂಬಂಧಿಸಿದ ಎರಡು ಆಪಾದನೆಗಳು ಹೊರಗಿನ ಲೋಕವನ್ನು ಕಲಕಿದುವು. 1998ರ ಫೆಬ್ರವರಿಯಲ್ಲಿ ಲಂಡನ್ನಿನ ವೇಕ್‌ಫೀಲ್ಡ್ ಮತ್ತು ಸಂಗಡಿಗರು ಕೇವಲ 12 ಮಕ್ಕಳನ್ನು ಮುಂದಿಟ್ಟುಕೊಂಡು, ದಡಾರ ಮೊದಲಾದ ಮೂರು ರೋಗಗಳ ಲಸಿಕೆಗೂ ಕರುಳಿನ ಉರಿಯೂತಕ್ಕೂ ಆಟಿಸಂಗೂ ನಂಟಿರಬಹುದೆಂಬ ಶಂಕೆಯನ್ನು ಬಿತ್ತಿದರು. ಅದನ್ನು ಮುದ್ರಿಸಿದ ಲ್ಯಾನ್ಸೆಟ್ ಪತ್ರಿಕೆಯು ಹಿಂತೆಗೆದುಕೊಳ್ಳುವ ಹೊತ್ತಿಗೆ 2010 ಬಂದಿತ್ತು. ಅದೇ 1998ರಲ್ಲಿ ಅಮೆರಿಕದಲ್ಲಿ ಪರವಾನಗಿ ಪಡೆದ ರೋಟಾಶೀಲ್ಡ್ ಎಂಬ ರೋಟಾವೈರಸ್ ಲಸಿಕೆಯ ಮೇಲಿನ ಆಪಾದನೆಯಾದರೋ ನಿಜವಾಗಿತ್ತು: ಕರುಳಿನ ಒಂದು ಭಾಗವು ಇನ್ನೊಂದರೊಳಕ್ಕೆ, ದುರ್ಬೀನಿನ ಕೊಳವೆಯಂತೆ, ನುಗ್ಗಿಕೊಳ್ಳುವ ತೊಂದರೆ 15 ಶಿಶುಗಳಲ್ಲಿ ವರದಿಯಾದೊಡನೆ 1999ರ ಜುಲೈಯಲ್ಲಿ ಅದರ ಬಳಕೆ ನಿಂತಿತು, ಅಕ್ಟೋಬರಿನಲ್ಲಿ ಅದು ಮಾರುಕಟ್ಟೆಯಿಂದಲೇ ಮರೆಯಾಯಿತು. ನಿಜವಾದ ದೋಷಕ್ಕೆ ತಿಂಗಳುಗಳಲ್ಲಿ ತೀರ್ಪು, ಸುಳ್ಳಿಗೆ ಹನ್ನೆರಡು ವರ್ಷ! ಸುಳ್ಳಿನ ಆಯುಸ್ಸು ನಮ್ಮ ಕೋರ್ಟು ವ್ಯಾಜ್ಯಗಳ ಹಾಗೆ.

ಬೆಂಗಳೂರಿನ ಐ321 ಗೆಲ್ಲಲಿಲ್ಲ. ದೆಹಲಿಯ ಶಿಶುವೊಂದರಿಂದ ದೊರೆತ 116ಇ ಎಂಬುದರ ಜೊತೆಗೆ ಅದನ್ನೂ ಎಂಟು ವಾರದ ಕೂಸುಗಳಿಗೆ ಕುಡಿಸಿ ನೋಡಲಾಗಿ, ರಕ್ತದಲ್ಲಿ ಪ್ರತಿಕಾಯಗಳು ಏರಿದುದು 116ಇ ಪಡೆದವರಲ್ಲಿ ನೂರಕ್ಕೆ 73, ನಮ್ಮದನ್ನು ಪಡೆದವರಲ್ಲಿ 39 ಎಂದು 2006ರಲ್ಲಿ ಪ್ರಕಟವಾಯಿತು. ದೆಹಲಿಯದು ರೋಟಾವ್ಯಾಕ್ ಎಂಬ ಹೆಸರಿನಿಂದ 2016ರಲ್ಲಿ ಸರಕಾರದ ಲಸಿಕಾ ಕಾರ್ಯಕ್ರಮವನ್ನು ಸೇರಿತು. ಆ ಹಳೆಯ ಕರುಳಿನ ಭಯವನ್ನು ಮಾತ್ರ ಯಾರೂ ಮರೆಯಲಿಲ್ಲ. ದೇಶದ 27 ಆಸ್ಪತ್ರೆಗಳಲ್ಲಿ ಅಂಥ ತೊಂದರೆಯಿಂದ ಬಂದ 970 ಶಿಶುಗಳನ್ನು 2019ರವರೆಗೆ ಗುರುತಿಸಿ ಪರಿಶೀಲಿಸಿದರೂ ಲಸಿಕೆಯಿಂದ ಅಪಾಯ ಹೆಚ್ಚಿದುದು ಕಂಡುಬರಲಿಲ್ಲ.

ಪೀಣ್ಯದ ಶೆಡ್ಡುಗಳ ಹಿಂದಿನ ಅಂಗನವಾಡಿಯೊಂದರಲ್ಲಿ, ಪಾಳಿ ಮುಗಿಸಿ ಬಂದ ತಾಯಿಯೊಬ್ಬಳ ಮಡಿಲಲ್ಲಿ ಹತ್ತು ವಾರದ ಕೂಸು ರೋಟಾವೈರಸ್ ಲಸಿಕೆಯ ಹನಿಗಳನ್ನು ನಾಲಿಗೆಯಿಂದ ಹೊರದೂಡಲು ಯತ್ನಿಸಿ, ಕೊನೆಗೆ ಮುಖ ಕಿವಿಚಿ ನುಂಗಿತು. ನರ್ಸಮ್ಮ ತಾಯಿ ಕಾರ್ಡಿನಲ್ಲಿ ತಾರೀಖು ಬರೆಯುತ್ತಲೇ ಅಂದರು: “ಬಿಟ್ಟು ಬಿಟ್ಟು ಚೀರಿ ಅಳ್ತಾ ಇದ್ರೆ, ಮಲದಲ್ಲಿ ರಕ್ತ ಕಂಡ್ರೆ, ಬೆಳಗಾಗ್ಲಿ ಅಂತ ಕಾಯ್ಬೇಡಮ್ಮ, ರಾತ್ರೀನೇ ಆಸ್ಪತ್ರೆಗೆ ಕರ್ಕೊಂಡ್ ಹೋಗು.”