ಕೀಳುವ ಬೆರಳು, ಮಾಯಬೇಕಾದ ಗಾಯ

ಮೊಡವೆ ಚಿವುಟದವರು, ಒಣಗಿದ ಗಾಯದ ಹಕ್ಕಳೆ ಎಬ್ಬಿಸದವರು ಯಾರೂ ಇರಲಾರರು. ಪುತ್ತೂರು, ಸುಳ್ಯ, ಕಡಬದ ಕಡೆಯಂತೂ ಚರ್ಮಕ್ಕೆ ಬಿಡುವೇ ಇಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ಬೆವರುಸಾಲೆ, ಮಳೆಗಾಲದಲ್ಲಿ ತೋಟಕ್ಕಿಳಿದರೆ ಸೊಳ್ಳೆ, ಗುಂಡ್ಯ–ಸುಬ್ರಹ್ಮಣ್ಯದ ಕಾಡಂಚಿನಲ್ಲಿ ಉಂಬುಳ, ಗೇರುಬೀಜ ತಿರುಪಿ ತೆಗೆಯುವಾಗ ಸೊನೆ ತಾಗಿ ಸುಟ್ಟ ಬೆರಳು. ಇಂಥದ್ದನ್ನು ಕೆರೆದುಕೊಂಡರೆ ಅದು ರೋಗವಲ್ಲ.

ಕೆಲವರ ಬೆರಳು ಮಾತ್ರ ಅಲ್ಲಿಗೆ ನಿಲ್ಲುವುದಿಲ್ಲ. ಬಚ್ಚಲುಮನೆಯ ಕನ್ನಡಿಯ ಮುಂದೆ ಒಂದು ಚುಕ್ಕೆ ನೋಡಲು ನಿಂತವರು ಹೊರಬರುವಾಗ ಗಂಟೆ ಕಳೆದಿರುತ್ತದೆ. ಇನ್ನು ಕೆಲವರಿಗೆ ಪುಸ್ತಕ ಹಿಡಿದು ಕೂತಾಗ, ಬಸ್ಸಿನ ಕಿಟಕಿಯ ಪಕ್ಕ ಕೂತಾಗ ಕೈ ತನ್ನಷ್ಟಕ್ಕೇ ತೋಳು, ಭುಜ, ನೆತ್ತಿ ತಡಕುತ್ತದೆ; ಒರಟಾಗಿ ಸಿಕ್ಕಿದ್ದನ್ನು ಕೀಳುತ್ತದೆ; ರಕ್ತ ಕಂಡಾಗಲೇ ಎಚ್ಚರ. ಒಂದು ಕ್ಷಣ ಹಾಯೆನಿಸಿ, ಅದರ ಬೆನ್ನಿಗೇ ನಾಚಿಕೆ ಬರುತ್ತದೆ. ನಾಳೆಯಿಂದ ಮುಟ್ಟುವುದಿಲ್ಲ ಎಂದು ಎಷ್ಟು ಸಲ ನಿಶ್ಚಯಿಸಿದರೂ ಅದು ಉಳಿಯುವುದಿಲ್ಲ. ಸೆಕೆಯಲ್ಲೂ ತುಂಬುತೋಳಿನ ಅಂಗಿ, ಮದುವೆಮನೆಯಲ್ಲಿ ಫೋಟೋಕ್ಕೆ ನಿಲ್ಲದಿರುವುದು, ಹೆಣ್ಣು ನೋಡಲು ಬರುವವರ ಭಯ ಎಲ್ಲವೂ ಅದರ ಹಿಂದೆಯೇ ಬರುತ್ತವೆ. ಅಮೆರಿಕದಲ್ಲಿ 10,169 ವಯಸ್ಕರನ್ನು ಕೇಳಿ 2020ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇ 2.1ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಈ ತೊಂದರೆಯಿತ್ತು. ಬದುಕಿನಲ್ಲಿ ಎಂದಾದರೂ ಇದ್ದವರು ಶೇ 3.1. ಸಾಮಾನ್ಯವಾಗಿ ಇದು ಶುರುವಾಗುವುದು ಹದಿವಯಸ್ಸಿನಲ್ಲಿ, ಮೊಡವೆಯ ಜೊತೆಗೆ. ಚಿಕಿತ್ಸೆಗೆ ಬರುವವರಲ್ಲಿ ಹೆಚ್ಚಿನವರು ಹೆಂಗಸರು.

ವೈದ್ಯಶಾಸ್ತ್ರ ಇದನ್ನು ಗುರುತಿಸಿ ನೂರೈವತ್ತು ವರ್ಷವಾಯಿತು. ಲಂಡನ್ನಿನ ಚರ್ಮವೈದ್ಯ ಎರಾಸ್ಮಸ್ ವಿಲ್ಸನ್ 1875ರಲ್ಲಿ, ಚರ್ಮದಲ್ಲಿ ಮೂಲರೋಗವಿಲ್ಲದೆ ರೋಗಿಯ ಉಗುರೇ ಮಾಡಿದ ಗಾಯಗಳ ಬಗ್ಗೆ ಬರೆದ. ಕಾರಣ ನರಗಳ ದೌರ್ಬಲ್ಯವೆಂದು ಭಾವಿಸಿದ. 1898ರಲ್ಲಿ ಪ್ಯಾರಿಸ್ಸಿನ ಲೂಯಿ ಬ್ರೋಕ್ ಮೊಡವೆಗಳನ್ನು ಬಿಡದೆ ಹಿಸುಕಿ ಮುಖ ಗಾಯ ಮಾಡಿಕೊಳ್ಳುತ್ತಿದ್ದ ಎಳೆಯ ಹುಡುಗಿಯರ ಸ್ಥಿತಿಯನ್ನು ವಿವರಿಸಿದ. ಬ್ರೋಕ್ ಕೊಟ್ಟ ಹೆಸರಿನಲ್ಲೇ ‘ಹುಡುಗಿಯರ’ ಎಂದಿತ್ತು. ಆ ಹೆಸರು ಮಾಡಿದ ಕೇಡು ಸಣ್ಣದಲ್ಲ ಎಂದೇ ನನ್ನ ಎಣಿಕೆ. ಕಾಯಿಲೆ ಎನ್ನುವುದು ಹೋಗಿ ಪ್ರಾಯದ ಹೆಣ್ಣುಮಕ್ಕಳ ಹಟ, ಚಂದದ ಚಿಂತೆ ಎಂಬ ಸಸಾರ ಉಳಿಯಿತು. ಗಂಡಸರಲ್ಲಿರುವ ಇದೇ ತೊಂದರೆ ಕಣ್ಣಿಗೇ ಬೀಳದೆ ಹೋಯಿತು.

ಮುಂದೆ ಬಹುಕಾಲ ಇದು ಎರಡು ವಿಭಾಗಗಳ ನಡುವೆ ಬಿದ್ದುಕೊಂಡಿತು. ಚರ್ಮದ ವೈದ್ಯರು ಮುಲಾಮು ಬರೆದು ಕೆರೆಯಬೇಡಿ ಎಂದರು. ಮನೋವೈದ್ಯರ ಬಳಿಗೆ ಈ ರೋಗಿಗಳು ಹೋಗಲೇ ಇಲ್ಲ. ಕೂದಲು ಕೀಳುವ ಗೀಳು ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಗೆ 1987ರಲ್ಲೇ ಸೇರಿತ್ತು. ಚರ್ಮ ಕೀಳುವ ಗೀಳು ಇನ್ನೂ 26 ವರ್ಷ ಕಾಯಬೇಕಾಯಿತು. 2013ರಲ್ಲಿ, ಅದೇ ಕೈಪಿಡಿಯ ಐದನೆಯ ಆವೃತ್ತಿಯಲ್ಲಿ ಅದಕ್ಕೆ ಸ್ವಂತ ಜಾಗ ಸಿಕ್ಕಿತು, ಗೀಳುರೋಗದ ನೆಂಟರ ಸಾಲಿನಲ್ಲಿ. 2022ರ ಜನವರಿಯಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲೂ ಇದೆ. ಲಕ್ಷಣ ಸರಳ: ಪದೇ ಪದೇ ಕಿತ್ತು ಗಾಯವಾಗಬೇಕು, ನಿಲ್ಲಿಸಲು ಯತ್ನಿಸಿ ಸೋತಿರಬೇಕು, ಅದರಿಂದ ಸಂಕಟವೋ ದಿನದ ಬದುಕಿಗೆ ತೊಡಕೋ ಆಗಿರಬೇಕು, ಬೇರೆ ಕಾಯಿಲೆ ಕಾರಣವಾಗಿರಬಾರದು. ಕೊನೆಯದನ್ನು ನಮ್ಮಲ್ಲಿ ಮರೆಯಬಾರದು. ಕಜ್ಜಿ, ಇಸುಬು, ಸಕ್ಕರೆ ಕಾಯಿಲೆ, ಮೂತ್ರಪಿಂಡ ಇಲ್ಲವೇ ಯಕೃತ್ತಿನ ತೊಂದರೆ ಇವೆಲ್ಲವೂ ಮೈ ತುರಿಸುವಂತೆ ಮಾಡಬಲ್ಲವು. ಮನಸ್ಸಿನದ್ದು ಎಂದು ಹೇಳುವ ಮೊದಲು ಅವನ್ನು ನೋಡಿಯೇ ಆಗಬೇಕು.

ನಮ್ಮ ಮೂರು ತಾಲೂಕುಗಳಲ್ಲಿ ಚರ್ಮದ ಸಂಕಟಕ್ಕೆ ಆಸ್ಪತ್ರೆಗಿಂತ ಹಳೆಯ ಬಾಗಿಲು ಒಂದಿದೆ. ಈಗ ಕಡಬ ತಾಲೂಕಿಗೆ ಸೇರಿದ ಕುಕ್ಕೆ ಸುಬ್ರಹ್ಮಣ್ಯಕ್ಕೆ ಚರ್ಮರೋಗದ ಹರಕೆ ಹೊತ್ತವರು ತಲೆಮಾರುಗಳಿಂದ ಬರುತ್ತಿದ್ದಾರೆ. ಅಲ್ಲಿಯ ಮೃತ್ತಿಕೆ ಪ್ರಸಾದವನ್ನು ಮೈಗೆ ಹಚ್ಚಿಕೊಳ್ಳುತ್ತಾರೆ. ಚಂಪಾಷಷ್ಠಿಯಂದು ಎಂಜಲೆಲೆಗಳ ಮೇಲೆ ಉರುಳುತ್ತಿದ್ದ ಮಡೆಸ್ನಾನದ ಹಿಂದೆಯೂ ಚರ್ಮರೋಗ ವಾಸಿಯಾಗುವ ನಂಬಿಕೆಯೇ ಇತ್ತು. ಅದರ ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಹರಕೆಯಿಂದ ಸಿಗುವ ಸಮಾಧಾನವನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಮೈಮೇಲಿನ ಕಲೆಯನ್ನು ನಾಗದೋಷವೆಂದು ಓದುವ ಮನೆಯಲ್ಲಿ, ಆ ಗಾಯವನ್ನು ತಾನೇ ಮಾಡಿಕೊಂಡೆ ಎಂದು ಮಗಳು ಹೇಗೆ ಹೇಳುತ್ತಾಳೆ? ದೋಷದ ಭಾರವೂ ತಪ್ಪಿನ ಭಾರವೂ ಸೇರಿ ಅವಳ ಬಾಯಿ ಕಟ್ಟುತ್ತವೆ. ಇನ್ನೊಂದು ಮಾತು: ಪ್ರಸಾದವೇ ಆಗಲಿ, ಬಾಯಿ ತೆರೆದ ಗಾಯಕ್ಕೆ ಮಣ್ಣು ತಾಗಬಾರದು. ಹಣೆಗಿಟ್ಟುಕೊಂಡರೆ ಸಾಕು.

ಆಸ್ಪತ್ರೆಯ ದಾರಿ ಬಹುಕಾಲ ಮಂಗಳೂರಿನ ದಾರಿಯಾಗಿತ್ತು. 1880ರಲ್ಲಿ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಶುರುಮಾಡಿದ ಔಷಧಾಲಯವು ಕುಷ್ಠರೋಗಿಗಳಿಗೂ ಆಸರೆಯಾಯಿತು. 1950ರ ದಶಕದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಬಂತು. ಈ ಸಹಸ್ರಮಾನದ ಆರಂಭದಲ್ಲಿ ಕುರುಂಜಿ ವೆಂಕಟ್ರಮಣ ಗೌಡರ ಹೆಸರಿನ ಕೆವಿಜಿ ವೈದ್ಯಕೀಯ ಕಾಲೇಜು ಸುಳ್ಯದಲ್ಲೇ ತೆರೆದಾಗ, ಚರ್ಮ ವಿಭಾಗವೂ ಮನೋವೈದ್ಯ ವಿಭಾಗವೂ ಒಂದೇ ಆವರಣಕ್ಕೆ ಬಂದವು. ನನ್ನ ಮಟ್ಟಿಗೆ ಇದು ದೊಡ್ಡ ಸಂಗತಿ. ಈ ರೋಗಿಗೆ ಬೇಕಾದ ಎರಡು ಕೋಣೆಗಳ ನಡುವೆ ಈಗ ಬಸ್ಸು ಹಿಡಿಯಬೇಕಿಲ್ಲ, ಒಂದು ಚೀಟಿ ಸಾಕು. ಆ ಚೀಟಿ ಬರೆಯುವ ಪರಿಪಾಠ ಗಟ್ಟಿಯಾಗಬೇಕು.

ಚಿಕಿತ್ಸೆಯ ಕತೆಯಲ್ಲಿ ಮುಖ್ಯ ತಿರುವು ಸಿಕ್ಕಿದ್ದು ಔಷಧದಿಂದಲ್ಲ. 1973ರಲ್ಲಿ ನೇಥನ್ ಅಜ್ರಿನ್ ಮತ್ತು ಗ್ರೆಗರಿ ನನ್ ಎಂಬ ಮನಶ್ಶಾಸ್ತ್ರಜ್ಞರು ಉಗುರು ಕಚ್ಚುವುದು, ಮುಖ ಸೆಳೆಯುವುದು ಮುಂತಾದ ಚಟಗಳಿಗೆ ಒಂದು ತರಬೇತಿ ರೂಪಿಸಿದರು. ಮೊದಲು ಅರಿವು: ಕೈ ಎಲ್ಲಿಂದ ಏಳುತ್ತದೆ, ಯಾವ ಹೊತ್ತು, ಯಾವ ಕುರ್ಚಿ, ಯಾವ ಬೆಳಕು, ಯಾವ ಬೇಸರ ಎಂದು ಒಂದು ಪುಸ್ತಕದಲ್ಲಿ ಬರೆದಿಡುವುದು. ಆಮೇಲೆ ಎದುರು ಚಲನೆ: ಒತ್ತಡ ಎದ್ದಾಗ ಮುಷ್ಟಿ ಬಿಗಿಯುವುದು, ಕೈಗಳನ್ನು ತೊಡೆಯ ಕೆಳಗಿಡುವುದು, ಕೈಯಲ್ಲಿ ಏನಾದರೂ ಹಿಡಿಯುವುದು, ಅಲೆ ಇಳಿಯುವ ತನಕ. ಮೂರನೆಯದು ಮನೆಯವರ ಬೆಂಬಲ. ಬೈಯದೆ, ಕಾವಲು ಕೂರದೆ, ಮೊದಲೇ ಒಪ್ಪಿಕೊಂಡ ಒಂದು ಸನ್ನೆಯಿಂದ ನೆನಪಿಸುವುದು. ‘ಕೈ ಸುಮ್ನೆ ಇಡ್ಲಿಕ್ಕೆ ಆಗುದಿಲ್ವಾ ನಿಂಗೆ?’ ಎಂದು ಗದರಿದರೆ ನಾಚಿಕೆ ಹೆಚ್ಚುತ್ತದೆ; ನಾಚಿಕೆ ಹೆಚ್ಚಿದರೆ ಬೆರಳಿಗೆ ಕೆಲಸ ಹೆಚ್ಚುತ್ತದೆ.

1990ರ ದಶಕದಲ್ಲಿ ಚಾರ್ಲ್ಸ್ ಮ್ಯಾನ್ಸುಯೆಟೊ ಮತ್ತು ಸಂಗಡಿಗರು ಇದನ್ನು ಹಿಗ್ಗಿಸಿದರು. ಒಬ್ಬೊಬ್ಬರ ಕೀಳುವಿಕೆಗೂ ಬೇರೆ ಬೇರೆ ಮೂಲವಿರುತ್ತದೆ: ಬೆರಳಿಗೆ ಸಿಗುವ ಒರಟುತನ, ‘ಇದೊಂದು ಹೋದರೆ ಮುಖ ನುಣುಪಾಗುತ್ತದೆ’ ಎಂಬ ಯೋಚನೆ, ಭಯ ಅಥವಾ ಬೇಸರ, ಕೈಯ ರೂಢಿ, ಜಾಗ. ಹಾಗಾಗಿ ಮದ್ದೂ ಬೇರೆ. ಒರಟುತನ ಕಾರಣವಾದವರಿಗೆ ಚರ್ಮ ಮೃದುವಾಗಿಡುವುದೇ ಮೊದಲ ಕೆಲಸ. ನಮ್ಮ ಮನೆಗಳಲ್ಲಿರುವ ತೆಂಗಿನೆಣ್ಣೆ, ಪುನರ್ಪುಳಿ ಬೀಜದ ತುಪ್ಪ ಒಡೆದ, ಗಾಯವಿಲ್ಲದ ಚರ್ಮಕ್ಕೆ ಇಲ್ಲಿ ಉಪಯೋಗಕ್ಕೆ ಬರುತ್ತವೆ (ಮೊಡವೆಯ ಮುಖಕ್ಕೆ ಮಾತ್ರ ಬೇಡ). ಕನ್ನಡಿ ಕಾರಣವಾದವರು ಬಚ್ಚಲಿನ ಬಲ್ಬು ಮಂದ ಮಾಡಿ, ಕನ್ನಡಿಯಿಂದ ಒಂದು ತೋಳು ದೂರ ನಿಲ್ಲಬಹುದು. ಪಿಯುಸಿ, ನೀಟ್ ಓದಿನ ಹಾಸ್ಟೆಲುಗಳಲ್ಲಿ ಓದುವ ಹೊತ್ತಿನಲ್ಲೇ ಕೈ ಮುಖಕ್ಕೇರುವ ಮಕ್ಕಳು ಬೆರಳ ತುದಿಗೆ ಅಂಟುಪಟ್ಟಿ ಸುತ್ತಿಕೊಂಡರೆ ಅರಿವು ಬೇಗ ಬರುತ್ತದೆ. ಸಣ್ಣ ಉಪಾಯಗಳಿವು, ಆದರೆ ಬೆರಳನ್ನು ತಡೆಯುವುದು ಇವೇ.

ಸುಲಭವಾದ ವಿಧಾನವೊಂದನ್ನು ಜರ್ಮನಿಯ ಹ್ಯಾಂಬುರ್ಗ್‌ನಲ್ಲಿ ಸ್ಟೆಫೆನ್ ಮೊರಿಟ್ಜ್ ಅವರ ತಂಡ 2023ರಲ್ಲಿ ಪರೀಕ್ಷಿಸಿತು. ಕೀಳುವ ಒತ್ತಡ ಬಂದಾಗ ಬೆರಳ ತುದಿಗಳನ್ನು, ಅಂಗೈಯನ್ನು, ತೋಳನ್ನು ಹಗುರವಾಗಿ ಸವರಿಕೊಳ್ಳುವುದು, ದಿನಕ್ಕೆ ಕನಿಷ್ಠ ಎರಡು ಸಲ ಅಭ್ಯಾಸ ಮಾಡುವುದು, ಅಷ್ಟೆ. 268 ಮಂದಿಯಲ್ಲಿ, ಆರು ವಾರಗಳ ಬಳಿಕ, ಕಲಿತವರಲ್ಲಿ ಶೇ 53ರಷ್ಟು ಮಂದಿಗೆ ಸುಧಾರಣೆ ಕಂಡಿತು; ಕಾಯುವ ಪಟ್ಟಿಯಲ್ಲಿದ್ದವರಲ್ಲಿ ಶೇ 20. ಎಲ್ಲರಿಗೂ ಆಗಲಿಲ್ಲ, ನಿಜ. ಆದರೆ ದುಡ್ಡಿಲ್ಲದೆ, ಮನೆಯಲ್ಲೇ, ಯಾರಿಗೂ ಹೇಳದೆ ಮಾಡಬಹುದಾದ ವಿಧಾನ ಇಷ್ಟು ಕೊಟ್ಟರೆ ಅದು ಹಳ್ಳಿಗೆ ತಲುಪಲೇಬೇಕು.

ಔಷಧಗಳ ಕತೆ ಏರಿಳಿತದ್ದು. 1990ರ ದಶಕದಲ್ಲಿ ಗೀಳುರೋಗದ ಮಾತ್ರೆಗಳಾದ ಫ್ಲುಆಕ್ಸೆಟಿನ್ ಮುಂತಾದವನ್ನು ಪ್ರಯೋಗಿಸಿದರು. ಕೆಲವರಿಗೆ ಫಲ, ಕೆಲವರಿಗೆ ಇಲ್ಲ. ಜೊತೆಗೆ ಖಿನ್ನತೆ, ಆತಂಕ ಇದ್ದವರಿಗೆ ಅವು ಇಂದಿಗೂ ಬೇಕಾಗುತ್ತವೆ. ಕಫ ಕರಗಿಸಲು ಕೊಡುವ ಎನ್–ಅಸಿಟೈಲ್ ಸಿಸ್ಟೀನ್ ಅನ್ನು ಜಾನ್ ಗ್ರಾಂಟ್ ತಂಡ 66 ಮಂದಿಯಲ್ಲಿ 12 ವಾರ ಪರೀಕ್ಷಿಸಿ 2016ರಲ್ಲಿ ವರದಿ ಮಾಡಿತು: ಮದ್ದು ಪಡೆದವರಲ್ಲಿ ಶೇ 47 ಮಂದಿ ಗಣನೀಯವಾಗಿ ಸುಧಾರಿಸಿದರು, ಹುಸಿಮಾತ್ರೆ ಪಡೆದವರಲ್ಲಿ ಶೇ 19. ಮರೆವಿನ ಕಾಯಿಲೆಗೆ ಕೊಡುವ ಮೆಮಾಂಟಿನ್ ಕುರಿತು ಅದೇ ತಂಡದ 2023ರ ವರದಿ ಇನ್ನೂ ಆಶಾದಾಯಕ: ಕೂದಲು ಅಥವಾ ಚರ್ಮ ಕೀಳುವ 100 ಮಂದಿಯಲ್ಲಿ, ಎಂಟು ವಾರಕ್ಕೆ ಶೇ 60.5ರ ಎದುರು ಶೇ 8.3. ಎರಡೂ ಸಣ್ಣ ಪ್ರಯೋಗಗಳು. ವೈದ್ಯರ ಚೀಟಿಯಿಲ್ಲದೆ ಮೆಡಿಕಲ್ಲಿನಲ್ಲಿ ಕೇಳಿ ನುಂಗುವ ಮಾತ್ರೆಗಳಲ್ಲ.

ಇನ್ನು ಕಲೆಯ ಮಾತು. ರೋಗಿ ಆಸ್ಪತ್ರೆಯ ಮೆಟ್ಟಿಲು ಹತ್ತುವುದು ಹೆಚ್ಚಾಗಿ ಇದಕ್ಕಾಗಿಯೇ. ಬೆರಳಿನ ಬಗ್ಗೆ ಅವಳು ಹೇಳುವುದಿಲ್ಲ, ಕಲೆ ಹೋಗಬೇಕು ಎನ್ನುತ್ತಾಳೆ. ಆದ್ದರಿಂದ ಚರ್ಮ ವೈದ್ಯರೇ ಈ ರೋಗದ ಮೊದಲ ಮನೋವೈದ್ಯರೂ ಆಗಬೇಕಾಗುತ್ತದೆ. ಕಲೆಯ ಚಿಕಿತ್ಸೆ ಬೇರೆ, ಬೆರಳಿನ ಚಿಕಿತ್ಸೆ ಬೇರೆ ಎಂದು ಹಂಚಿದ ಕಡೆಯಲ್ಲೆಲ್ಲ ಎರಡೂ ಸೋತಿವೆ.

ಗಾಯ ಒಣಗಬೇಕು, ಹಕ್ಕಳೆ ಕಟ್ಟಬೇಕು ಎಂಬುದು ನಮ್ಮ ಹಳೆಯ ನಂಬಿಕೆ. 1962ರಲ್ಲಿ ಲಂಡನ್ನಿನ ಜಾರ್ಜ್ ವಿಂಟರ್ ಹಂದಿಮರಿಗಳ ಮೇಲಿನ ಪ್ರಯೋಗದಿಂದ ಅದನ್ನು ಅಲುಗಿಸಿದ: ತೆಳು ಪಾಲಿಥಿನ್ ಹಾಳೆ ಮುಚ್ಚಿ ತೇವವಾಗಿಟ್ಟ ಗಾಯದಲ್ಲಿ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹರಡಿತು. ಕೀಳುವವರಿಗೆ ಇದು ವರದಾನ. ಹಕ್ಕಳೆ ಕಟ್ಟದಿದ್ದರೆ ಎಬ್ಬಿಸಲು ಏನೂ ಇರುವುದಿಲ್ಲ. ತೊಳೆದು, ವ್ಯಾಸಲೀನ್ ತೆಳುವಾಗಿ ಹಚ್ಚಿ, ಪಟ್ಟಿ ಅಂಟಿಸುವುದು ಅಗ್ಗದ ದಾರಿ. ಹೈಡ್ರೊಕೊಲಾಯ್ಡ್ ಪಟ್ಟಿ ಸಿಕ್ಕಿದರೆ ಇನ್ನೂ ಒಳ್ಳೆಯದು, ಗಾಯಕ್ಕೂ ಬೆರಳಿಗೂ ನಡುವೆ ಅದು ಗೋಡೆಯಾಗುತ್ತದೆ. ನಮ್ಮ ಮಳೆಗಾಲದ ತೇವದಲ್ಲಿ ಪಟ್ಟಿ ಬಿಡಿಸಿಕೊಳ್ಳುತ್ತದೆ, ಒದ್ದೆಯಾದಾಗಲೆಲ್ಲ ಬದಲಿಸಬೇಕು. ಗಾಯ ಕೆಂಪಾಗಿ ಊದಿ, ಬಿಸಿಯಾಗಿ, ಕೀವಾದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು.

ಕಂದು ಮೈಬಣ್ಣದ ನಮ್ಮಲ್ಲಿ ಮಾಯ್ದ ಜಾಗ ಕಪ್ಪಾಗುವುದು ಹೆಚ್ಚು. ಇದು ನಿಜವಾದ ಕಲೆಯಲ್ಲ. ಉರಿಯೂತದ ನಂತರ ಹೆಚ್ಚಾಗಿ ಉಳಿದ ಬಣ್ಣ. ಮತ್ತೆ ಮುಟ್ಟದಿದ್ದರೆ ತಿಂಗಳುಗಳಲ್ಲಿ ತಿಳಿಯಾಗುತ್ತದೆ. ಬಿಸಿಲು ಅದನ್ನು ಗಟ್ಟಿ ಮಾಡುತ್ತದೆ, ಹಾಗಾಗಿ ತೋಟದ ಕೆಲಸಕ್ಕೆ ಹೋಗುವವರಿಗೆ ತೋಳು ಮುಚ್ಚುವ ಅಂಗಿ, ಮುಖಕ್ಕೆ ನೆರಳು ಬೀಳುವ ಮುಟ್ಟಾಳೆ, ಸನ್‌ಸ್ಕ್ರೀನ್. ಅಜೆಲಾಯಿಕ್ ಆಮ್ಲದ ಮುಲಾಮು ಮೊಡವೆಗೂ ಕಪ್ಪಿಗೂ ಕೆಲಸ ಮಾಡುತ್ತದೆ.

ಇಲ್ಲಿ ಒಂದು ಅಪಾಯವನ್ನು ಒತ್ತಿ ಹೇಳಲೇಬೇಕು. 1975ರಲ್ಲಿ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಐಸಾಕ್ ವಿಲ್ಲಿಸ್ ಬಣ್ಣ ತಿಳಿಮಾಡಲು ಹೈಡ್ರೊಕ್ವಿನೋನ್, ಟ್ರೆಟಿನಾಯಿನ್ ಮತ್ತು ಸ್ಟಿರಾಯ್ಡ್ ಸೇರಿಸಿದ ಸೂತ್ರ ಕೊಟ್ಟರು. ವೈದ್ಯರ ಕಣ್ಣಳತೆಯಲ್ಲಿ ಕೆಲವು ವಾರಕ್ಕೆಂದು ಹುಟ್ಟಿದ ಆ ಮಿಶ್ರಣದ ಸಂತತಿ ನಮ್ಮ ದೇಶದಲ್ಲಿ ‘ಬೆಳ್ಳಗಾಗುವ ಕ್ರೀಮ್’ ಆಗಿ ಅಂಗಡಿಯಂಗಡಿಯಲ್ಲಿ ಮಾರಾಟವಾಯಿತು. ತಿಂಗಳುಗಟ್ಟಲೆ ಹಚ್ಚಿದ ಮುಖದಲ್ಲಿ ಚರ್ಮ ತೆಳುವಾಗಿ, ಕೆಂಪಾಗಿ, ಹೊಸ ಮೊಡವೆ ಏಳುತ್ತದೆ. ಕೀಳುವವರ ಬೆರಳಿಗೆ ಅದೇ ಹೊಸ ಆಹ್ವಾನ. ಚರ್ಮ ವೈದ್ಯರ ರಾಷ್ಟ್ರೀಯ ಸಂಘ ವರ್ಷಗಳ ಕಾಲ ಒತ್ತಾಯಿಸಿದ ಮೇಲೆ 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟಿರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಚೀಟಿ ಕೇಳುವ ಶಿಸ್ತು ಪ್ರತಿ ಪೇಟೆಗೂ ಬರಬೇಕು.

ಉಬ್ಬಿದ ಕಲೆಗೆ 1980ರ ದಶಕದಿಂದ ಸಿಲಿಕೋನ್ ಹಾಳೆ, ಜೆಲ್ ಬಳಕೆಯಲ್ಲಿದೆ. ಎದೆ, ಭುಜದ ಮೇಲೆ ಬೆಳೆಯುವ ಕೆಲಾಯ್ಡಿಗೆ ಕಲೆಯೊಳಗೇ ಸ್ಟಿರಾಯ್ಡ್ ಚುಚ್ಚುಮದ್ದು. ಗುಳಿ ಬಿದ್ದ ಕಲೆಗೆ ಸೂಜಿಮೊನೆಯ ಚಿಕಿತ್ಸೆ, ಲೇಸರ್ ಇವೆ. ಕಂದು ಚರ್ಮದಲ್ಲಿ ಲೇಸರಿನ ಶಾಖವೇ ಮತ್ತೆ ಕಪ್ಪು ಮಾಡಬಲ್ಲದು, ಅನುಭವಿ ಕೈ ಬೇಕು. ಎಲ್ಲಕ್ಕಿಂತ ಮೊದಲು ಬೆರಳು ಕೆಲವು ತಿಂಗಳಾದರೂ ಸುಮ್ಮನಿರಬೇಕು. ಕೀಳುತ್ತಿರುವಾಗಲೇ ಸಾವಿರಾರು ರೂಪಾಯಿಯ ಲೇಸರ್ ಮಾಡಿಸುವುದೆಂದರೆ, ನೆಟ್ಟ ಅಡಿಕೆ ಸಸಿಯನ್ನು ದಿನಾ ಕಿತ್ತು ಬೇರು ಬಿಟ್ಟಿದೆಯೇ ಎಂದು ನೋಡಿದ ಹಾಗೆ. ಕಲೆ ಪಕ್ವವಾಗಲು ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು ಎಂದು ಆರಂಭದಲ್ಲೇ ಹೇಳಿಬಿಟ್ಟರೆ ನಿರಾಸೆ ತಪ್ಪುತ್ತದೆ.

ಸಾರ್ವಜನಿಕ ಸೇವೆಯಲ್ಲೂ ಹಾದಿ ಸಾಗಿದೆ. 1974ರಲ್ಲಿ ಬೆಂಗಳೂರಿನ ನಿಮ್ಹಾನ್ಸ್, 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ, ಅದನ್ನು ಜಿಲ್ಲೆಗೆ ಇಳಿಸುವ ಮಾದರಿಯನ್ನು ನಿಮ್ಹಾನ್ಸ್ ಬಳ್ಳಾರಿಯಲ್ಲಿ ರೂಪಿಸಿದ್ದು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಿಗೇ ಬರುವ ಏರ್ಪಾಡಾಯಿತು. 2022ರ ಅಕ್ಟೋಬರ್ 10ರಿಂದ ಟೆಲಿ–ಮಾನಸ್ ಇದೆ. 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಹೆಸರು ಹೇಳಬೇಕಾಗಿಲ್ಲ. ಮುಖ ತೋರಿಸಲು ಅಂಜುವವರಿಗೆ ಇದಕ್ಕಿಂತ ತಕ್ಕ ಮೊದಲ ಹೆಜ್ಜೆ ನನಗೆ ಕಾಣದು.

ಉಳಿದ ಕೆಲಸ ಚರ್ಮದ ಹೊರರೋಗಿ ವಿಭಾಗದಲ್ಲಿದೆ. ಕಲೆ ತೋರಿಸಲು ಬಂದವರನ್ನು ವೈದ್ಯರು ‘ಇದನ್ನು ಆಗಾಗ ಕೀಳುತ್ತೀರಾ? ನಿಲ್ಲಿಸಲು ಕಷ್ಟವಾಗುತ್ತದೆಯೇ?’ ಎಂದು ಮೆಲ್ಲಗೆ ಕೇಳಬೇಕು, ಮನೆಯವರನ್ನು ಹೊರಗೆ ಕೂರಿಸಿ. ಹೌದು ಎಂದವರಿಗೆ ಮುಲಾಮಿನ ಚೀಟಿಯ ಜೊತೆ ಅರಿವಿನ ದಿನಚರಿ, ಎದುರು ಚಲನೆ, ಹಗುರ ಸ್ಪರ್ಶದ ಅಭ್ಯಾಸವನ್ನು ಚಿತ್ರಸಹಿತ ವಿವರಿಸುವ ಒಂದು ಪುಟದ ಕನ್ನಡ ಕರಪತ್ರ ಕೊಡಬೇಕು. ಅದನ್ನೇ ಪಿಯು ಕಾಲೇಜುಗಳ ಹಾಸ್ಟೆಲ್ ವಾರ್ಡನ್ನರಿಗೂ ಆಶಾ ಕಾರ್ಯಕರ್ತೆಯರಿಗೂ ಹಂಚಬಹುದು. ಆರು ವಾರ ಬಿಟ್ಟು ಅದೇ ವೈದ್ಯರಲ್ಲಿಗೆ ಮತ್ತೆ ಬರಲು ದಿನ ಗೊತ್ತುಮಾಡಿ, ಆಗಲೂ ಕೈ ನಿಂತಿರದಿದ್ದರೆ ಮನೋವೈದ್ಯರ ಹೆಸರಿಗೆ ಚೀಟಿ ಬರೆಯಬೇಕು.