ಯೂರಿಯಾ ಹಾಕಿದ ಸೊಪ್ಪು ವಿಷ, ಕೊಟ್ಟಿಗೆ ಗೊಬ್ಬರದ ಸೊಪ್ಪು ಅಮೃತ: ಈ ಫಾರ್ವರ್ಡ್ ಎಷ್ಟು ನಿಜ?

‘ಯೂರಿಯಾ ಹಾಕಿ ಬೆಳೆದ ಸೊಪ್ಪಿನಲ್ಲಿ ನೈಟ್ರೇಟ್ ಎಂಬ ವಿಷ ಇರುತ್ತದೆ, ಸಾವಯವ ಸೊಪ್ಪಿನಲ್ಲಿ ಇರುವುದೇ ಇಲ್ಲ’ ಎಂಬ ಸಂದೇಶ ನಿಮಗೂ ಬಂದಿರಬಹುದು. ಅದರಲ್ಲಿ ಅರ್ಧ ಮಾತ್ರ ನಿಜ.

ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನಲ್ಲಿ ದಂಟಿನ ಸೊಪ್ಪಿನ ಒಂದು ಮಡಿಗೆ ಯೂರಿಯಾ, ಪಕ್ಕದ ಮಡಿಗೆ ಕೊಟ್ಟಿಗೆ ಗೊಬ್ಬರ ಹಾಕಿದ್ದಾರೆ ಅಂದುಕೊಳ್ಳಿ. ಮಣ್ಣಿನ ಬ್ಯಾಕ್ಟೀರಿಯಾಗಳು ಎರಡರ ಸಾರಜನಕವನ್ನೂ ಮೊದಲು ಅಮೋನಿಯಂ, ಆಮೇಲೆ ನೈಟ್ರೇಟ್ ಮಾಡುತ್ತವೆ. ಬೇರು ಹೆಚ್ಚಾಗಿ ಹೀರುವುದು ಆ ನೈಟ್ರೇಟನ್ನೇ. ವ್ಯತ್ಯಾಸ ಇರುವುದು ವೇಗದಲ್ಲಿ. ಶೇ 46ರಷ್ಟು ಸಾರಜನಕವಿರುವ ಯೂರಿಯಾ ಕೆಲವೇ ದಿನಗಳಲ್ಲಿ ಕರಗಿ ಸಿಗುತ್ತದೆ. ಕಳಿತ ಗೊಬ್ಬರ ತಿಂಗಳುಗಟ್ಟಲೆ ನಿಧಾನವಾಗಿ ಬಿಟ್ಟುಕೊಡುತ್ತದೆ. ಗಿಡ ಬಳಸಿಕೊಳ್ಳುವುದಕ್ಕಿಂತ ಹೆಚ್ಚು ಸಿಕ್ಕಿದ್ದು ದಂಟು, ಎಲೆಗಳಲ್ಲಿ ಉಳಿಯುತ್ತದೆ.

2014ರಲ್ಲಿ ‘ಬ್ರಿಟಿಷ್ ಜರ್ನಲ್ ಆಫ್ ನ್ಯೂಟ್ರಿಷನ್’ 343 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಪ್ರಕಟಿಸಿತು. ಸಾವಯವ ಬೆಳೆಗಳಲ್ಲಿ ನೈಟ್ರೇಟ್ ಸರಾಸರಿ ಶೇ 30ರಷ್ಟು ಕಡಿಮೆ ಇತ್ತು. ಕಡಿಮೆ, ಸೊನ್ನೆಯಲ್ಲ. ಬೇಗ ಕರಗುವ ಕೋಳಿ ಗೊಬ್ಬರವನ್ನು ಕೈಬಿಚ್ಚಿ ಸುರಿದರೆ ‘ಸಾವಯವ’ ಸೊಪ್ಪಿನಲ್ಲೂ ನೈಟ್ರೇಟ್ ಏರುತ್ತದೆ.

ಫಾರ್ವರ್ಡ್‌ಗಳು ಬಿಸಿಲಿನ ಮಾತೇ ಎತ್ತುವುದಿಲ್ಲ. ನೈಟ್ರೇಟನ್ನು ಪ್ರೋಟೀನಿಗೆ ಬಳಸಿಕೊಳ್ಳಲು ಗಿಡಕ್ಕೆ ಬೆಳಕು ಬೇಕು. ಹಾಗಾಗಿ ಮೋಡದ ದಿನ ಅಥವಾ ನಸುಕಿನಲ್ಲಿ ಕಿತ್ತ ಸೊಪ್ಪಿಗಿಂತ ಬಿಸಿಲುಂಡು ಸಂಜೆ ಕಿತ್ತದ್ದರಲ್ಲಿ ಸಾಮಾನ್ಯವಾಗಿ ನೈಟ್ರೇಟ್ ಕಡಿಮೆ. ಎಲೆಗಿಂತ ದಂಟಿನಲ್ಲಿ ಹೆಚ್ಚು.

ಹಾಗಾದರೆ ತಿನ್ನಬಹುದೇ?

ಧಾರಾಳವಾಗಿ. ದಿನವೂ ಜೀವನಪೂರ್ತಿ ಸೇವಿಸಬಹುದಾದ ಮಿತಿ ದೇಹತೂಕದ ಕಿಲೋಗೆ 3.7 ಮಿಲಿಗ್ರಾಂ, 60 ಕಿಲೋ ತೂಕದವರಿಗೆ 222 ಮಿಲಿಗ್ರಾಂ. ಕಿಲೋಗೆ 2,000 ಮಿಲಿಗ್ರಾಂ ನೈಟ್ರೇಟ್ ಇರುವ ಪಾಲಕ್ 100 ಗ್ರಾಂ ತಿಂದರೆ 200 ಮಿಲಿಗ್ರಾಂ ಆಗುತ್ತದೆ. ಒಂದು ದಿನ ಮಿತಿ ದಾಟಿದರೆ ವಿಷವೇರಿತು ಅಂತಲ್ಲ. ತರಕಾರಿಯ ಲಾಭವೇ ದೊಡ್ಡದು ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2008ರಲ್ಲೇ ಹೇಳಿದೆ.

ಸೊಪ್ಪು ಬೇಯಿಸಿದಾಗ ನೈಟ್ರೇಟ್ ನೀರಿಗಿಳಿಯುತ್ತದೆ. ನಮ್ಮ ಉಪ್ಸಾರಿನಲ್ಲಿ ಆ ನೀರನ್ನೇ ಉಣ್ಣುತ್ತೇವಲ್ಲ! ಹೆದರಿ ಚೆಲ್ಲಬೇಡಿ, ಫೋಲೇಟ್, ಪೊಟ್ಯಾಸಿಯಂ ಕೂಡ ಅದರಲ್ಲೇ ಇಳಿದಿರುತ್ತವೆ.

ನಿಜವಾದ ಎಚ್ಚರ ಬೇಕಿರುವುದು ಎಳೆಮಕ್ಕಳ ವಿಷಯದಲ್ಲಿ. ಆರು ತಿಂಗಳೊಳಗಿನ ಮಗುವಿನಲ್ಲಿ ನೈಟ್ರೇಟ್ ನೈಟ್ರೈಟ್ ಆಗಿ ಬದಲಾಗಿ, ರಕ್ತ ಆಮ್ಲಜನಕ ಸಾಗಿಸುವುದಕ್ಕೆ ಅಡ್ಡಿಯಾಗಿ, ಮೈ ನೀಲಿಗಟ್ಟಬಹುದು. ಆ ಪ್ರಾಯದ ಮಗುವಿಗೆ ಸೊಪ್ಪಿನ ನೀರು ಬೇಡ. ಬೋರ್‌ವೆಲ್ ನೀರಿನಲ್ಲಿ ಬಾಟಲಿ ಹಾಲು ಕಲಸುವ ಮನೆಯವರು ನೀರು ಪರೀಕ್ಷೆ ಮಾಡಿಸಿ: ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ದಾಟಬಾರದು. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಉಳಿದ ಸೊಪ್ಪಿನ ಪಲ್ಯವನ್ನು ರಾತ್ರಿಯೆಲ್ಲ ಹೊರಗಿಟ್ಟು ಮರುದಿನ ಮಗುವಿಗೆ ತಿನ್ನಿಸಬೇಡಿ, ಅದರಲ್ಲೂ ಬ್ಯಾಕ್ಟೀರಿಯಾ ಬೆಳೆದು ನೈಟ್ರೈಟ್ ಆಗಬಹುದು.