ಹಲ್ಲಿ, ಜೇಡ, ಸೂಜಿ ಕಂಡರೆ ನಡುಗುವವರ ಮಿದುಳೇ ಬೇರೆಯೇ? ಸ್ಕ್ಯಾನ್ ಹೇಳುವುದೇನು, ಹೇಳದಿರುವುದೇನು?

ಹಲ್ಲಿ ಕಂಡರೆ ಕೋಣೆ ಬಿಟ್ಟು ಓಡುವವರು, ಇಂಜೆಕ್ಷನ್ ಎಂದರೆ ಬೆವರುವವರು, ಲಿಫ್ಟ್‌ಗೆ ಹೆದರಿ ಎಂಟನೇ ಮಹಡಿಗೂ ಮೆಟ್ಟಿಲನ್ನೇ ಹತ್ತುವವರು ನಮ್ಮ ನಡುವೆಯೇ ಇದ್ದಾರೆ. ಇವರ ಬಗ್ಗೆ ಎರಡು ಮಾತು ಕೇಳಿಬರುತ್ತವೆ. ‘ಇದೆಲ್ಲ ನಾಟಕ, ನಾಲ್ಕು ಸಲ ಗದರಿಸಿದರೆ ಸರಿಹೋಗುತ್ತದೆ’ ಎಂಬುದು ಒಂದು. ‘ಇವರ ಮಿದುಳಿನ ರಚನೆಯೇ ಬೇರೆ, ಸ್ಕ್ಯಾನ್ ಮಾಡಿದರೆ ಗೊತ್ತಾಗುತ್ತದೆ, ಏನೂ ಮಾಡಲಾಗದು’ ಎಂಬುದು ಇನ್ನೊಂದು. ಎರಡೂ ತಪ್ಪು. ಆದರೆ ಎರಡನೆಯ ಮಾತಿನಲ್ಲಿ ಒಂದು ಚೂರು ನಿಜವಿದೆ. ಆ ಚೂರು ಎಷ್ಟು ಎಂಬುದನ್ನು ನೋಡೋಣ.

ಹೆದರಿಕೆ ಬೇರೆ, ಫೋಬಿಯಾ ಬೇರೆ

ಗದ್ದೆಯಲ್ಲಿ ಹಾವು ಕಂಡು ಹಿಂದೆ ಸರಿಯುವುದು ಬುದ್ಧಿವಂತಿಕೆ. ಟಿವಿಯಲ್ಲಿ ಹಾವಿನ ಚಿತ್ರ ಬಂದರೂ ಎದೆ ಡವಗುಟ್ಟಿ, ಹಾವಿರಬಹುದೆಂದು ವರ್ಷಗಟ್ಟಲೆ ತೋಟಕ್ಕೇ ಕಾಲಿಡದಿದ್ದರೆ ಅದು ಫೋಬಿಯಾ ಆಗಿರಬಹುದು. ಭಯ ನಿಜವಾದ ಅಪಾಯಕ್ಕಿಂತ ತೀರಾ ಹೆಚ್ಚಿರಬೇಕು, ಹೆಚ್ಚುಕಡಿಮೆ ಪ್ರತಿ ಸಲವೂ ಬರಬೇಕು, ಸಾಮಾನ್ಯವಾಗಿ 6 ತಿಂಗಳಾದರೂ ಉಳಿದಿರಬೇಕು, ದಿನನಿತ್ಯದ ಬದುಕಿಗೆ ಅಡ್ಡಿಯಾಗಬೇಕು. ಆಗ ಮಾತ್ರ ವೈದ್ಯರು ಅದನ್ನು ‘ನಿರ್ದಿಷ್ಟ ಫೋಬಿಯಾ’ ಎನ್ನುತ್ತಾರೆ.

ಇದು ಅಪರೂಪವೇನಲ್ಲ. 22 ದೇಶಗಳಲ್ಲಿ ನಡೆದ ವಿಶ್ವ ಮಾನಸಿಕ ಆರೋಗ್ಯ ಸಮೀಕ್ಷೆಗಳ ಪ್ರಕಾರ ಸುಮಾರು ಶೇ. 7.4ರಷ್ಟು ಜನರಿಗೆ ಬದುಕಿನ ಯಾವುದಾದರೊಂದು ಹಂತದಲ್ಲಿ ಇದು ಕಾಡಿರುತ್ತದೆ. ಪುರುಷರಿಗಿಂತ ಮಹಿಳೆಯರಲ್ಲಿ ಹೆಚ್ಚು.

ಮಿದುಳಿನಲ್ಲಿ ‘ಭಯದ ಬಟನ್’ ಇದೆಯೇ?

ಕಿವಿಯ ಮಟ್ಟದಲ್ಲಿ, ಮಿದುಳಿನ ಆಳದಲ್ಲಿ, ಎಡಕ್ಕೊಂದು ಬಲಕ್ಕೊಂದು ಬಾದಾಮಿ ಆಕಾರದ ಅಮಿಗ್ಡಲ ಇದೆ. ಎದುರಿಗೆ ಬಂದದ್ದು ಅಪಾಯವೇ ಎಂದು ಕ್ಷಣಾರ್ಧದಲ್ಲಿ ಅಳೆಯುವುದು ಅದರ ಕೆಲಸಗಳಲ್ಲೊಂದು. ಎದೆಬಡಿತ, ಹೊಟ್ಟೆಯ ಸಂಕಟದಂಥ ದೇಹದ ಸುದ್ದಿಯನ್ನು ಗ್ರಹಿಸುವುದು ಇನ್ಸುಲಾ ಎಂಬ ಭಾಗ. ‘ತಡಿ, ಅದು ಬರೀ ಹಲ್ಲಿ’ ಎಂದು ಸಮಾಧಾನ ಹೇಳುವುದರಲ್ಲಿ ಹಣೆಯ ಹಿಂದಿನ ಭಾಗದ ಪಾತ್ರ ದೊಡ್ಡದು. ಫೋಬಿಯಾ ಇರುವವರಿಗೆ ಅವರು ಹೆದರುವ ವಸ್ತುವಿನ ಚಿತ್ರ ತೋರಿಸಿದಾಗ ಅಮಿಗ್ಡಲ ಮತ್ತು ಇನ್ಸುಲಾ ಉಳಿದವರಿಗಿಂತ ಜೋರಾಗಿ ಸ್ಪಂದಿಸುವುದನ್ನು ಹಲವು ಅಧ್ಯಯನಗಳು ಕಂಡಿವೆ.

ಹಾಗೆಂದು ಅಮಿಗ್ಡಲವೊಂದೇ ಭಯದ ಬಟನ್ ಅಲ್ಲ. ಅಪರೂಪದ ಆನುವಂಶಿಕ ಕಾಯಿಲೆಯಿಂದ ಎರಡೂ ಅಮಿಗ್ಡಲ ಹಾಳಾಗಿದ್ದ, ವಿಜ್ಞಾನಿಗಳು ‘ಎಸ್.ಎಂ.’ ಎಂದು ಕರೆಯುವ ಅಮೆರಿಕದ ಮಹಿಳೆಯೊಬ್ಬರು ಹಾವನ್ನು ಕೈಯಲ್ಲಿ ಹಿಡಿದು ಆರಾಮವಾಗಿ ಆಡಿಸಿದ್ದರು. ಆದರೆ ಇಂಗಾಲದ ಡೈಆಕ್ಸೈಡ್ ಹೆಚ್ಚಿರುವ ಗಾಳಿಯನ್ನು ಉಸಿರಾಡಿಸಿದಾಗ ಅವರೂ ದಿಗಿಲುಬಿದ್ದರು ಎಂದು 2013ರ ಅಧ್ಯಯನ ಹೇಳುತ್ತದೆ. ಭಯ ಎಂಬುದು ಹಲವು ಭಾಗಗಳು ಸೇರಿ ಮಾಡುವ ಕೆಲಸ.

ರಚನೆಯಲ್ಲಿ ವ್ಯತ್ಯಾಸ ಇದೆಯೇ?

ಇದೆ, ಆದರೆ ಬಹಳ ಸಣ್ಣದು. ಮೊದಮೊದಲ ಅಧ್ಯಯನಗಳಲ್ಲಿ ಇದ್ದವರು ಕೆಲವೇ ಹತ್ತು ಜನ; ಹಾಗಾಗಿ ಒಂದರ ಫಲಿತಾಂಶ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ‘ಎನಿಗ್ಮಾ’ ಎಂಬ ಅಂತಾರಾಷ್ಟ್ರೀಯ ಸಂಶೋಧನಾ ಜಾಲ ಹಲವು ಕೇಂದ್ರಗಳ ಎಂಆರ್‌ಐ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿತು. ಅದರಲ್ಲಿ ಫೋಬಿಯಾ ಇರುವ 1,400ಕ್ಕೂ ಹೆಚ್ಚು, ಇಲ್ಲದ ಸುಮಾರು 3,000 ಜನರಿದ್ದರು. ಫೋಬಿಯಾ ಇದ್ದವರಲ್ಲಿ ಸರಾಸರಿಯಾಗಿ ಮಿದುಳಿನ ಆಳದ ಕೆಲವು ಭಾಗಗಳ ಗಾತ್ರ ಕೊಂಚ ಕಡಿಮೆಯಿತ್ತು. ಹೊರಪದರದ ದಪ್ಪ ಕೆಲವೆಡೆ ಹೆಚ್ಚು, ಕೆಲವೆಡೆ ಕಡಿಮೆ ಇತ್ತು. ಪ್ರಾಣಿಗಳಿಗೆ ಹೆದರುವವರ ಚಿತ್ರಣ ಒಂದು ಬಗೆ, ರಕ್ತ ಮತ್ತು ಸೂಜಿಗೆ ಹೆದರುವವರದು ಇನ್ನೊಂದು ಬಗೆ.

ಇಲ್ಲಿ ‘ಸರಾಸರಿ’ ಎಂಬ ಪದವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಎರಡು ಊರುಗಳ ಜನರ ಸರಾಸರಿ ಎತ್ತರದಲ್ಲಿ ಅರ್ಧ ಸೆಂಟಿಮೀಟರ್ ವ್ಯತ್ಯಾಸ ಇದೆಯೆಂದುಕೊಳ್ಳಿ. ದಾರಿಯಲ್ಲಿ ಸಿಕ್ಕ ಒಬ್ಬರ ಎತ್ತರ ಅಳೆದು ಅವರು ಯಾವ ಊರಿನವರೆಂದು ಹೇಳಲು ಆಗುತ್ತದೆಯೇ? ಇದೂ ಹಾಗೆಯೇ. ಒಬ್ಬ ವ್ಯಕ್ತಿಯ ಸ್ಕ್ಯಾನ್ ನೋಡಿ ಇವರಿಗೆ ಫೋಬಿಯಾ ಇದೆ ಅಥವಾ ಇಲ್ಲ ಎಂದು ಹೇಳಲು ಬರುವುದಿಲ್ಲ.

ಹುಟ್ಟಿನಿಂದ ಬಂದದ್ದೇ?

ಅದೇ ಅಧ್ಯಯನದ ಇನ್ನೊಂದು ಅಂಶ ಗಮನಿಸಬೇಕಾದದ್ದು. ವ್ಯತ್ಯಾಸ ಕಂಡದ್ದು ವಯಸ್ಕರಲ್ಲಿ, ಮಕ್ಕಳು ಮತ್ತು ಹದಿಹರೆಯದವರಲ್ಲಿ ಅಲ್ಲ. ಆದರೆ ಇಂಥ ಫೋಬಿಯಾಗಳು ಸಾಮಾನ್ಯವಾಗಿ ಶುರುವಾಗುವುದೇ ಬಾಲ್ಯದಲ್ಲಿ. ಅಂದರೆ ವರ್ಷಗಟ್ಟಲೆ ಹೆದರಿ, ತಪ್ಪಿಸಿಕೊಂಡು ಬದುಕಿದ್ದರಿಂದಲೇ ಈ ವ್ಯತ್ಯಾಸ ಮೂಡಿರಬಹುದು. ಭಯ ಬಿಟ್ಟುಹೋಗದೆ ಉಳಿದವರಲ್ಲಿ ಮಾತ್ರ ಅದು ಕಾಣುತ್ತಿರಬಹುದು. ಒಮ್ಮೆ ತೆಗೆದ ಫೋಟೊ ಯಾವುದು ಮೊದಲು, ಯಾವುದು ನಂತರ ಎಂದು ಹೇಳುವುದಿಲ್ಲ.

ಅನುಭವ ಮಿದುಳಿನ ರಚನೆಯನ್ನು ಬದಲಿಸುತ್ತದೆ ಎಂಬುದಂತೂ ಗೊತ್ತಿರುವ ಸಂಗತಿ. ಲಂಡನ್ನಿನಲ್ಲಿ ಟ್ಯಾಕ್ಸಿ ಲೈಸೆನ್ಸ್‌ಗಾಗಿ ಸಾವಿರಾರು ಬೀದಿಗಳನ್ನು ಬಾಯಿಪಾಠ ಮಾಡಿ ಪಾಸಾದವರಲ್ಲಿ, ದಾರಿಯ ನೆನಪಿಗೆ ಸಂಬಂಧಿಸಿದ ಹಿಪ್ಪೋಕ್ಯಾಂಪಸ್‌ನ ಹಿಂಭಾಗ ಬೆಳೆದಿದ್ದನ್ನು 2011ರ ಅಧ್ಯಯನ ತೋರಿಸಿತು.

ಚಿಕಿತ್ಸೆಯಿಂದ ಮಿದುಳು ಬದಲಾಗುತ್ತದೆಯೇ?

ಅದರ ವರ್ತನೆ ಬದಲಾಗುತ್ತದೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು ಜೇಡಕ್ಕೆ ವಿಪರೀತ ಹೆದರುತ್ತಿದ್ದ 12 ಜನರಿಗೆ ಎರಡು-ಮೂರು ಗಂಟೆಗಳ ಒಂದೇ ಒಂದು ಚಿಕಿತ್ಸೆ ಕೊಟ್ಟರು. ದೂರದಿಂದ ನೋಡುವುದು, ಹತ್ತಿರ ಹೋಗುವುದು, ಬ್ರಷ್‌ನಿಂದ ಮುಟ್ಟುವುದು, ಕೊನೆಗೆ ಕೈಯಿಂದ ಮುಟ್ಟುವುದು, ಹೀಗೆ ಹೆಜ್ಜೆ ಹೆಜ್ಜೆಯಾಗಿ. ಮುಗಿಯುವ ಹೊತ್ತಿಗೆ ಅವರು ದೊಡ್ಡ ಟರಾಂಟುಲಾ ಜೇಡವನ್ನೇ ಮುಟ್ಟಿದರು. 6 ತಿಂಗಳ ನಂತರವೂ ಆ ಧೈರ್ಯ ಉಳಿದಿತ್ತು, ಅಮಿಗ್ಡಲ ಮತ್ತು ಇನ್ಸುಲಾದ ಅಬ್ಬರ ತಗ್ಗಿತ್ತು. ಇದು 2012ರಲ್ಲಿ ಪ್ರಕಟವಾಯಿತು. ಈ ಅಧ್ಯಯನ ಅಳೆದದ್ದು ಮಿದುಳಿನ ಚಟುವಟಿಕೆಯನ್ನು, ಗಾತ್ರವನ್ನಲ್ಲ ಎಂಬುದು ನೆನಪಿರಲಿ.

ರಕ್ತ ಕಂಡರೆ ತಲೆ ಸುತ್ತುವವರಿಗೆ

ಬೇರೆ ಫೋಬಿಯಾಗಳಲ್ಲಿ ಎದೆಬಡಿತ, ರಕ್ತದೊತ್ತಡ ಏರುತ್ತವೆ. ರಕ್ತ, ಗಾಯ, ಸೂಜಿಯ ಫೋಬಿಯಾದಲ್ಲಿ ಮೊದಲು ಏರಿ, ಆಮೇಲೆ ಒಮ್ಮೆಲೇ ಇಳಿಯಬಹುದು. ಹಾಗಾಗಿಯೇ ಕೆಲವರು ಎಚ್ಚರ ತಪ್ಪಿ ಬೀಳುತ್ತಾರೆ. ಇದು ದೇಹದ ಪ್ರತಿಕ್ರಿಯೆ, ಹೇಡಿತನವಲ್ಲ.

ಇದಕ್ಕೆ ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್-ಯೋರನ್ ಓಸ್ಟ್ ಮತ್ತು ಸಂಗಡಿಗರು ಬೆಳೆಸಿದ ಸರಳ ಉಪಾಯವಿದೆ. ಕುಳಿತು ಕೈ, ಕಾಲು, ಹೊಟ್ಟೆಯ ಸ್ನಾಯುಗಳನ್ನು 10–15 ಸೆಕೆಂಡ್ ಬಿಗಿಹಿಡಿಯಿರಿ, ಮುಖ ಬಿಸಿಯಾದಂತೆ ಅನಿಸಿದಾಗ ಸಡಿಲಿಸಿ, 20–30 ಸೆಕೆಂಡ್ ಬಿಟ್ಟು ಮತ್ತೆ ಮಾಡಿ, ಹೀಗೆ ಐದು ಸಲ. ಇದರಿಂದ ರಕ್ತದೊತ್ತಡ ಕುಸಿಯುವುದು ತಪ್ಪುತ್ತದೆ. ಸೂಜಿ ಚುಚ್ಚುವ ಕೈಯನ್ನು ಮಾತ್ರ ಸಡಿಲ ಬಿಡಿ. ಬಿಪಿ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಮಾಡಬೇಕು.

ಹಾಗಾದರೆ ಏನು ಮಾಡಬೇಕು?

ಫೋಬಿಯಾ ಪತ್ತೆಗೆ ಎಂಆರ್‌ಐ ಬೇಕಿಲ್ಲ. ತಜ್ಞರು ಮಾತನಾಡಿಸಿಯೇ ಗುರುತಿಸುತ್ತಾರೆ. ‘ಭಯ ಬಿಡಿಸುತ್ತೇವೆ’ ಎಂದು ಮಕ್ಕಳ ಮೈಮೇಲೆ ಜಿರಳೆ ಎಸೆಯಬೇಡಿ. ಚಿಕಿತ್ಸೆಯಲ್ಲಿ ಹೆಜ್ಜೆ ಇಡುವುದು ಹೆದರುವವರೇ, ಅವರ ಒಪ್ಪಿಗೆಯಿಂದಲೇ. ಬಲವಂತ ಮಾಡಿದರೆ ಭಯ ಇನ್ನಷ್ಟು ಬೇರೂರಬಹುದು.

ಸೂಜಿಯ ಭಯದಿಂದ ಇನ್ಸುಲಿನ್, ಲಸಿಕೆ, ರಕ್ತಪರೀಕ್ಷೆಯನ್ನು ಮುಂದೂಡುತ್ತಿರುವವರು ನಿಮ್ಮ ಮನೆಯಲ್ಲಿದ್ದರೆ ಅದನ್ನು ಸಣ್ಣದೆಂದು ಬಿಡಬೇಡಿ. ಕಾಯಿಲೆ ಕೈಮೀರುವುದು ಹೀಗೆಯೇ. ನರ್ಸ್‌ಗೆ ಮೊದಲೇ ಹೇಳಿದರೆ ಮಲಗಿಸಿ ಚುಚ್ಚುತ್ತಾರೆ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಒಟ್ಟಿನಲ್ಲಿ: ಫೋಬಿಯಾ ಇರುವವರ ಮಿದುಳಿನ ರಚನೆಯಲ್ಲಿ ಸರಾಸರಿಯಾಗಿ ಸಣ್ಣ ವ್ಯತ್ಯಾಸ ಇರುವುದು ನಿಜ. ಅದು ಸ್ಕ್ಯಾನ್‌ನಲ್ಲಿ ಪತ್ತೆಯಾಗುವ ಕಾಯಿಲೆ ಎಂಬುದು ಸುಳ್ಳು. ವಾಸಿಯಾಗುವುದೇ ಇಲ್ಲ ಎಂಬುದು ಅದಕ್ಕಿಂತ ದೊಡ್ಡ ಸುಳ್ಳು.